ಕೃಪೆ ಸಿಕ್ಕಿದೆ, ಚೀಟಿ ಹಣ ಬಾಕಿ ಇದೆ

ದಂಪತಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಬಳಿ ಸಲಹೆಗೆ ಮೊದಲು ಬಂದವರು ಹೆಂಡತಿ. ಕರಾವಳಿಯ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು, ಮದುವೆಯಾದದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವರನ್ನು. "ಇವರ ಪಕ್ಕ ನಿಂತು ಪ್ರಭುಭೋಜನ ತಗೊಳ್ಳೋಕೆ ಆಗ್ತಾ ಇಲ್ಲ ಮೇಡಂ" ಎಂದರು. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸವೇ ಪ್ರಭುಭೋಜನ.

ಗಂಡ ಅಂಗಡಿಯ ಜೊತೆಗೆ ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ತಿಂಗಳಿಗೆ ಎರಡು ಸಾವಿರ. ವ್ಯಾಪಾರ ಬಿದ್ದಾಗ ಚೀಟಿ ಹಣವನ್ನು ಅಂಗಡಿಗೆ ಸುರಿದರು. ಅಂಗಡಿಯೂ ಮುಚ್ಚಿತು, ಕೊನೆಯ ಸರದಿಯವರಿಗೆ ಹಣವೂ ಬರಲಿಲ್ಲ. ಸುಮಾರು ಒಂದು ವರ್ಷದ ನಂತರ ಪ್ರಾರ್ಥನಾ ಕೂಟವೊಂದರಲ್ಲಿ ಅವರ ಮನಸ್ಸು ತಿರುಗಿತು. ಕುಡಿತ ಬಿಟ್ಟರು, ಮನೆಯಲ್ಲಿ ಕೈ ಎತ್ತುವುದು ನಿಂತಿತು. ಇದು ನಾಟಕವಲ್ಲ ಅಂತ ಹೆಂಡತಿಯೇ ಹೇಳಿದರು. ನನಗೂ ಹಾಗೇ ಅನ್ನಿಸಿತು.

ಆದರೆ ಯಾರಾದರೂ ಚೀಟಿ ಹಣ ಕೇಳಿದರೆ ಒಂದೇ ಉತ್ತರ: "ಅದು ನನ್ನ ಹಳೆಯ ಮನುಷ್ಯ ಮಾಡಿದ್ದು. ಕರ್ತನು ಶಿಲುಬೆಯ ಮೇಲೆ ಎಲ್ಲಾ ತೀರಿಸಿದ್ದಾನೆ." ಒಂದು ಭಾನುವಾರ ಸಭೆಯಲ್ಲಿ ಎದ್ದು ನಿಂತು, ದೇವರು ತನ್ನನ್ನು ಬದಲಿಸಿದ ಬಗ್ಗೆ ಸಾಕ್ಷಿಯನ್ನೂ ಹೇಳಿದರು. ಹಿಂದಿನ ಬೆಂಚಿನಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸು ಕೂತಿದ್ದರು. ಸಾಕ್ಷಿ ಮುಗಿಯುವ ಮೊದಲೇ ಎದ್ದು ಹೊರಗೆ ಹೋದರು.

ಹೆಂಡತಿ ಚೀಟಿ ಪುಸ್ತಕ ತಂದಿದ್ದರು. ಉದ್ದನೆಯ ಲೆಕ್ಕದ ಪುಸ್ತಕ, ಮೂಲೆಗಳು ಮಡಚಿಹೋಗಿವೆ. ಪ್ರತಿ ಹೆಸರಿನ ಮುಂದೆ ತಿಂಗಳಿಗೊಂದು ಗುರುತು. ಬೀಡಿ ಕಟ್ಟುವವರ ಸಾಲಿನಲ್ಲಿ ಹದಿನೇಳು ಗುರುತುಗಳು, ಒಂದೂ ತಪ್ಪಿಲ್ಲ. ಎರಡು ಕಡೆ ಮಾತ್ರ "ಅರ್ಧ, ಉಳಿದದ್ದು ಶನಿವಾರ" ಅಂತ ಬರೆದಿತ್ತು. ಬೀಡಿಯ ಮಜೂರಿ ಕೈಗೆ ಬರುವವರೆಗೆ ಕಾದು ಕಟ್ಟಿದ ದುಡ್ಡು ಅದು.

ಮುಂದಿನ ಸಲ ಗಂಡನೂ ಬಂದರು. ಮಾತು ಬೇಗ ಜಗಳಕ್ಕೆ ತಿರುಗಿತು. "ನಿಮ್ಮವರು ಕ್ರಿಯೆಯಿಂದ ಸ್ವರ್ಗ ಕೊಂಡುಕೊಳ್ಳೋಕೆ ನೋಡ್ತೀರಿ" ಎಂದು ಗಂಡ. "ನಿಮ್ಮದು ಬಿಟ್ಟಿ ರಕ್ಷಣೆ" ಎಂದು ಹೆಂಡತಿ. ನಾನು ಇಬ್ಬರನ್ನೂ ತಡೆದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಪ್ರೊಟೆಸ್ಟಂಟರ ಒಂದು ಶಾಖೆಯಾದ ಲೂಥರನ್ನರ ವಿಶ್ವ ಒಕ್ಕೂಟ ಒಂದೇ ಹೇಳಿಕೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ. ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗೆ ಎಬ್ಬಿಸುತ್ತದೆ ಎಂಬುದು ಅದರ ತಿರುಳು. ಬೇರೆ ಪ್ರೊಟೆಸ್ಟಂಟ್ ಶಾಖೆಗಳಾದ ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಇದಕ್ಕೆ ಸೇರಿಕೊಂಡವು. ಎಲ್ಲಾ ಭಿನ್ನಾಭಿಪ್ರಾಯ ಮುಗಿದಿಲ್ಲ, ನಿಜ. ಆದರೆ ಇವರ ಮನೆಯ ಪ್ರಶ್ನೆ ಯಾವ ಸಭೆ ಸರಿ ಅನ್ನುವುದಾಗಿರಲಿಲ್ಲ. ಇಪ್ಪತ್ತರಲ್ಲಿ ಮೂರು ಜನರ ಹಣ ಎಲ್ಲಿ ಅನ್ನುವುದಾಗಿತ್ತು.

ಗಂಡ ಬೈಬಲಿನ ಎಫೆಸ ಪತ್ರದ ಎರಡನೇ ಅಧ್ಯಾಯ ಬಾಯಿಪಾಠ ಹೇಳಿದರು. ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಸರಿ, ಅದರಲ್ಲಿ ಒಂದಕ್ಷರ ತೆಗೆಯಬೇಕಾಗಿಲ್ಲ. "ಹತ್ತನೇ ವಚನವನ್ನೂ ಓದಿ" ಎಂದೆ. ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಯಾದವರು ಅಂತ ಅಲ್ಲಿದೆ. "ಈಗ ನಾಲ್ಕನೇ ಅಧ್ಯಾಯದ ಇಪ್ಪತ್ತೆಂಟು." ಕದಿಯುತ್ತಿದ್ದವನು ಇನ್ನು ಕದಿಯದೆ ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡುವಂತಾಗಲಿ. ಅದೇ ಪತ್ರ. ಅವರು ಅದನ್ನು ಎರಡು ಸಲ ಓದಿದರು.

ಆಮೇಲೆ ಲೂಕನ ಸುವಾರ್ತೆಯ ಜಕ್ಕಾಯನ, ಅಂದರೆ ಸುಂಕ ವಸೂಲಿಯಿಂದ ಹಣವಂತನಾಗಿದ್ದವನ ವಿಷಯ ಬಂತು. ಹೆಂಡತಿ ಥಟ್ಟನೆ ಹಿಡಿದರು: "ನೋಡಿ, ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ ಮೇಲೇನೇ ಯೇಸು ಈ ಮನೆಗೆ ರಕ್ಷಣೆ ಬಂತು ಅಂದದ್ದು." ಒಳ್ಳೆಯ ಓದು. ಆದರೆ ಲೂಕ 19ನ್ನು ಮೊದಲಿಂದ ಓದಿ. ಜಕ್ಕಾಯ ಇನ್ನೂ ಯೇಸುವನ್ನು ನೋಡಲು ಹತ್ತಿದ ಮರದ ಮೇಲಿದ್ದಾನೆ, ಒಂದು ಕಾಸೂ ಬಿಚ್ಚಿಲ್ಲ. ಆಗಲೇ ಯೇಸು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಅನ್ನುತ್ತಾನೆ. ಜನ ಗೊಣಗಿದ್ದು ಅದಕ್ಕೇ. ಅತಿಥಿ ಮೊದಲು ಬಂದ, ಲೆಕ್ಕದ ಪುಸ್ತಕ ಆಮೇಲೆ ತೆರೆಯಿತು. ಕೊಟ್ಟದ್ದಕ್ಕೆ ಯೇಸು ಬರಲಿಲ್ಲ. ಯೇಸು ಬಂದದ್ದಕ್ಕೆ ಜಕ್ಕಾಯ ಕೊಟ್ಟ. ಗಂಡನ ಸಭೆಯೂ ಹೆಂಡತಿಯ ತವರಿನ ಸಭೆಯೂ ಒಪ್ಪುವ ಮಾತಿದು ಅಂತ ನನ್ನ ನಂಬಿಕೆ.

ಗಂಡನಿಗೆ ನಾನು ನೇರವಾಗಿ ಹೇಳಿದ್ದು ಇಷ್ಟು. ದೇವರ ಮುಂದಿನ ನಿಮ್ಮ ಸಾಲವನ್ನು ಕ್ರಿಸ್ತ ತೀರಿಸಿದ್ದಾನೆ ಅಂತ ನಂಬುತ್ತೀರಿ, ಗಟ್ಟಿಯಾಗಿ ನಂಬಿ. ಆದರೆ ಆ ಬೀಡಿ ಕಟ್ಟುವವರ ಮೂವತ್ತನಾಲ್ಕು ಸಾವಿರ ಅವರದ್ದು. ಅದನ್ನು ಮನ್ನಾ ಮಾಡುವ ಹಕ್ಕು ಅವರಿಗೆ ಮಾತ್ರ ಇದೆ. ಬೈಬಲಿನಲ್ಲಿ ಕೃಪೆಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಬರೆದ ಅಪೊಸ್ತಲ ಪೌಲನೇ ತನ್ನ ಗೆಳೆಯ ಫಿಲೆಮೋನನಿಗೆ, ನಿನ್ನ ದಾಸ ಒನೇಸಿಮನು ನಿನಗೆ ಏನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಅಂತ ಸ್ವಂತ ಕೈಯಿಂದ ಬರೆದುಕೊಟ್ಟ. ಕೃಪೆ ಸಾಲವನ್ನು ಮರೆಸುವುದಿದ್ದರೆ ಪೌಲನಿಗೆ ಆ ಸಾಲು ಬೇಕಿರಲಿಲ್ಲ ಅಲ್ವಾ?

ಮಾಡಬೇಕಾದ ಕೆಲಸಗಳನ್ನೂ ಮಾತಾಡಿದೆವು. ಮೊದಲು ವಕೀಲರನ್ನು ಕಾಣಬೇಕು. ನೋಂದಣಿ ಇಲ್ಲದ ಚೀಟಿ 1982ರ ಚಿಟ್ ಫಂಡ್ ಕಾಯ್ದೆಗೆ ವಿರುದ್ಧ, ಹಾಗಾಗಿ ಏನು ಬರೆದುಕೊಡುವುದು ಅನ್ನುವುದನ್ನು ತಿಳಿದವರನ್ನು ಕೇಳಿಯೇ ಮಾಡಬೇಕು. ತುಂಬಾ ಕಷ್ಟದಲ್ಲಿರುವವರಿಗೆ ಮೊದಲ ಕಂತು. ಹಣ ಕೊಡಲು ಹೋದಾಗ ವಾಕ್ಯ ಹೇಳಬಾರದು, "ಕ್ಷಮಿಸಿದೆ ಅನ್ನಿ" ಅಂತ ಒತ್ತಾಯಿಸಬಾರದು. ಹೆಂಡತಿಯ ಒಡವೆ ಅವರಾಗಿ ಕೊಡದ ಹೊರತು ಮುಟ್ಟಬಾರದು. ಸಭೆಯಲ್ಲಿ ಸಾಕ್ಷಿ ಹೇಳುವುದು ಸದ್ಯಕ್ಕೆ ಬೇಡ.

ಹೆಂಡತಿಗೆ ಹೇಳಿದ್ದು ಬೇರೆ. ಗಂಡನ ಲೆಕ್ಕ ಚುಕ್ತಾ ಆಗುವವರೆಗೆ ನೀವು ಉಪವಾಸವಿರಬೇಕಾಗಿಲ್ಲ. ಪ್ರಭುಭೋಜನ ನಿಮ್ಮ ಮನೆಯವರಿಗೆ ಕೊಡುವ ಶಿಕ್ಷೆಯೂ ಅಲ್ಲ, ಬಹುಮಾನವೂ ಅಲ್ಲ. ಅವರು ಸ್ವಲ್ಪ ಹೊತ್ತು ಅತ್ತರು.

ಕಂತು ಶುರುವಾದ ಮೇಲೆ ತೊಂದರೆ ಇನ್ನೊಂದು ಕಡೆಯಿಂದ ಬಂತು. ಗಂಡನಿಗೆ ನಿದ್ದೆಯೇ ಬಾರದಂತಾಯಿತು. ಹಗಲು ಕೂಲಿ, ರಾತ್ರಿ ಕಾವಲು ಕೆಲಸ. "ಎಲ್ಲಾ ತೀರಿಸೋದ್ರೊಳಗೆ ಸತ್ತರೆ ನನ್ನ ಗತಿ ಏನು?" ಅಂತ ಕೇಳಿದರು. ಮೊದಲು ಕ್ರಿಯೆ ಬೇಡವೆಂದವರು ಈಗ ಕ್ರಿಯೆಯ ಕೆಳಗೆ ಹೂತುಹೋಗಿದ್ದರು. ಇಂಥವರನ್ನು ಇನ್ನಷ್ಟು ಹೆದರಿಸುವುದು ಪಾಪ ಅಂತಲೇ ನಾನು ಹೇಳುತ್ತೇನೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಕಥೆಯನ್ನು ಇಟ್ಟುಕೊಂಡು ಮಾತಾಡಿದೆವು. ಅವನು ಯಾರಿಗೂ ಏನೂ ವಾಪಸ್ ಕೊಡಲಿಲ್ಲ. ಕೈಗಳೇ ಬಿಡುವಿರಲಿಲ್ಲ. ಆದರೂ ಆ ದಿನವೇ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು. ನಿಮ್ಮ ಕೈಗಳು ಬಿಡುವಾಗಿವೆ, ಅದಕ್ಕೇ ಕೊಡುತ್ತಿದ್ದೀರಿ. ಬೇರೆ ವ್ಯತ್ಯಾಸವಿಲ್ಲ. ರಾತ್ರಿ ಕೆಲಸ ಬಿಡಿ, ಕಂತು ಸಣ್ಣದಾಗಲಿ, ಡಾಕ್ಟರನ್ನು ನೋಡಿ ಎಂದೆ.

ಬೀಡಿ ಕಟ್ಟುವವರು ಹಣ ತೆಗೆದುಕೊಂಡರು, ಮಾತಾಡಲಿಲ್ಲ. ಅದು ಅವರ ಇಷ್ಟ. ಕಂತು ಕೊಡಲು ಮುಂದೆ ಹೆಂಡತಿ ಹೋಗುತ್ತಾರೆ. ಇನ್ನೊಬ್ಬರ ಕಂತು ತಿಂಗಳು ತಿಂಗಳು ಹೋಗುತ್ತಿದೆ. ಮೂರನೆಯವರು ತೀರಿಹೋಗಿದ್ದರು. ಬೈಬಲಿನ ಅರಣ್ಯಕಾಂಡದ ಐದನೇ ಅಧ್ಯಾಯದಲ್ಲಿ ಇದಕ್ಕೂ ನಿಯಮವಿದೆ. ನಷ್ಟಪಟ್ಟವನಾಗಲಿ ಅವನ ಹತ್ತಿರದ ಬಂಧುವಾಗಲಿ ಇಲ್ಲದಿದ್ದರೆ ಆ ಹಣ ಯಾಜಕನಿಗೆ ಸೇರಬೇಕು. ಹಾಗಾದರೆ ಕಾಣಿಕೆ ಡಬ್ಬಿಗೆ ಹಾಕಿಬಿಡುತ್ತೇನೆ ಎಂದರು ಗಂಡ. ಬೇಡ ಎಂದೆ. ತೀರಿಹೋದವರಿಗೆ ಮಗನಿದ್ದಾನೆ, ಮುಂಬಯಿಯಲ್ಲಿ ಹೋಟೆಲ್ ಕೆಲಸ. ಮೊದಲು ಅವನ ಫೋನ್ ನಂಬರ್ ಹುಡುಕಿ.