ಸರ್ಟಿಫಿಕೇಟಿನಲ್ಲಿ ಅಪ್ಪನೇ ಅಡ್ಡಹೆಸರು!

ಪ್ರಶ್ನೆ: ಅಕ್ಕಾ, ನಾನು ಮೈಸೂರಿನವಳು. ಮದುವೆಯಾಗಿ ಮುಂಬಯಿಯ ಮುಲುಂಡಿಗೆ ಬಂದು ಎಂಟು ತಿಂಗಳಾಯಿತು. ನನಗೆ ಅಡ್ಡಹೆಸರಿಲ್ಲ, ಬರೀ ಇನಿಷಿಯಲ್. ಮ್ಯಾರೇಜ್ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿದ್ದಾರೆ, ಅದರಲ್ಲೂ ಒಂದಕ್ಷರ ತಪ್ಪು. ಇವರಿಗೆ ಫ್ರಾನ್ಸಿನಲ್ಲಿ ಕೆಲಸ ಸಿಕ್ಕಿದೆ, ವೀಸಾಕ್ಕೆ ಇದೇ ಬೇಕು. ಹೇಗೂ ತಿದ್ದಿಸುವಾಗ ಗಂಡನ ಅಡ್ಡಹೆಸರನ್ನೇ ಸೇರಿಸಿಬಿಡಲಾ? ಒಬ್ಬ ಏಜೆಂಟ್ ಅಂತೂ ಹೊಸದಾಗಿಯೇ ರಿಜಿಸ್ಟರ್ ಮಾಡಿಸೋಣ ಅನ್ನುತ್ತಿದ್ದಾನೆ.

ಉತ್ತರ: ಏಜೆಂಟನ ಮಾತು ಬಿಡಿ ತಂಗಿ. ಒಂದೇ ಮದುವೆಗೆ ಎರಡು ಸರ್ಟಿಫಿಕೇಟ್ ಇದ್ದರೆ ಯಾವುದು ನಿಜ ಅಂತ ವೀಸಾದವರಿಗೆ ವಿವರಿಸುತ್ತಾ ಕೂರಬೇಕಾಗುತ್ತದೆ.

ಇಲ್ಲಿನ ಫಾರ್ಮುಗಳಲ್ಲಿ ಸ್ವಂತ ಹೆಸರು, ಅಪ್ಪನದೋ ಗಂಡನದೋ ಹೆಸರು, ಆಮೇಲೆ ‘ಆಡನಾವ್’ (ಮರಾಠಿಯಲ್ಲಿ ಅಡ್ಡಹೆಸರು) ಅಂತ ಮೂರು ಖಾನೆ. ನಮ್ಮ ಹಳೇ ಮೈಸೂರಿನ ಇನಿಷಿಯಲ್ ಯಾವುದರೊಳಗೂ ಕೂರುವುದಿಲ್ಲ. ನನ್ನ ಸರ್ಟಿಫಿಕೇಟಿನಲ್ಲಿ ಇಂಗ್ಲಿಷಿನ ‘ಭಟ್’ ನೋಡಿ ಮರಾಠಿಯಲ್ಲಿ ‘ಭಾತ್’ ಅಂತ ಟೈಪ್ ಮಾಡಿದ್ದರು. ಭಾತ್ ಅಂದರೆ ಅನ್ನ! ನಮ್ಮತ್ತೆ ಇವತ್ತಿಗೂ ಊಟಕ್ಕೆ ಬಡಿಸುವಾಗ ಅದನ್ನೇ ಹೇಳಿ ನಗುತ್ತಾರೆ.

ಮೊದಲು ನೀವು ಸಹಿ ಮಾಡಿಕೊಟ್ಟ ಅರ್ಜಿಯ ಝೆರಾಕ್ಸ್ ತೆಗೆದು ನೋಡಿ. ಅದರಲ್ಲಿ ಸರಿಯಿದ್ದರೆ ತಪ್ಪು ಟೈಪಿಂಗಿನದು, ಅದನ್ನೇ ತೋರಿಸಿ ಕೇಳಬಹುದು. ಅರ್ಜಿಯಲ್ಲೇ ನೀವು ಹಾಗೆ ತುಂಬಿದ್ದರೆ ಅಫಿಡವಿಟ್ಟು, ಪಾಸ್‌ಪೋರ್ಟು, ಶಾಲೆಯ ಟಿಸಿ ಎಲ್ಲ ಜೋಡಿಸಿಕೊಂಡು ಸ್ವಲ್ಪ ಜಾಸ್ತಿ ಓಡಾಡಬೇಕು. ಎರಡರಲ್ಲೂ ಹೋಗಬೇಕಾದ್ದು ಸರ್ಟಿಫಿಕೇಟ್ ಕೊಟ್ಟ ಆ ಆಫೀಸಿಗೇ, ಇಬ್ಬರೂ ಒಟ್ಟಿಗೆ ಹೋದರೆ ಒಳ್ಳೆಯದು. ಮೂಲ ಪ್ರತಿಯ ಮೇಲೆ ನೀವು ಪೆನ್ನು ಆಡಿಸಬೇಡಿ, ಲ್ಯಾಮಿನೇಷನ್ನೂ ಬೇಡ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಒಂದಕ್ಷರ ಬಿಡದೆ ಹಾಗೇ ಬರೆಸಿ.

ಗಂಡನ ಅಡ್ಡಹೆಸರು ಸೇರಿಸುವುದು ತಿದ್ದುಪಡಿ ಅಲ್ಲ, ಹೆಸರು ಬದಲಾವಣೆ. ಮದುವೆಯ ದಿನ ನಿಮ್ಮ ಹೆಸರು ಏನಿತ್ತೋ ಸರ್ಟಿಫಿಕೇಟಿನಲ್ಲಿ ಅದೇ ಇರಬೇಕು ಅಲ್ವಾ? ಹೊಸ ಹೆಸರು ಬೇಕಿದ್ದರೆ ಆಮೇಲೆ ಮಹಾರಾಷ್ಟ್ರ ಗೆಜೆಟ್‌ನಲ್ಲಿ ಹಾಕಿಸಿ. ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ, ಅತ್ತೆ ಮನೆಯವರು ಏನೇ ಅನ್ನಲಿ. ವಿದೇಶದಲ್ಲಿ ನಮ್ಮ ಕಾಗದಪತ್ರ ಒಪ್ಪುವಂತೆ ಸರ್ಕಾರ ಹಾಕಿಕೊಡುವ ಅಪೊಸ್ಟಿಲ್ ಮುದ್ರೆ ಮಾತ್ರ ತಿದ್ದಿಸಿದ ಮೇಲೆಯೇ ಹಾಕಿಸಿ, ಇಲ್ಲದಿದ್ದರೆ ಆ ಖರ್ಚು ಎರಡು ಸಲ.

ಪ್ರಶ್ನೆ: ಮಗ ಪುಣೆಯಲ್ಲಿದ್ದಾನೆ. ಹುಡುಗಿ ಬೇರೆ ಧರ್ಮದವಳು, ನಮಗೆ ಒಪ್ಪಿಗೆಯಿದೆ. ವಿದೇಶದಲ್ಲಿರುವಂತೆ ಮದುವೆಗೆ ಮೊದಲೇ ಲೈಸೆನ್ಸ್ ತೆಗೆಸಬೇಕಾ?

ಉತ್ತರ: ನಮ್ಮಲ್ಲಿ ಲೈಸೆನ್ಸ್ ಇಲ್ಲ, ನೋಟಿಸ್ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರಲ್ಲೊಬ್ಬರು ಕಡೇಪಕ್ಷ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸು, ಹಾಗಾಗಿ ಛತ್ರ ಬುಕ್ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಮೂವರು ಸಾಕ್ಷಿಗಳು ಬೇಕು. ನೋಟಿಸ್ ತುಂಬುವಾಗ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಬರೆಯಲಿ, ಮುಲುಂಡಿನ ತಂಗಿಯ ಪಾಡು ಮೇಲೆ ಓದಿದಿರಲ್ಲ.