ನ್ಯೂಕ್ಲಿಯೋಲಸ್ ಚಿಕ್ಕದಿದ್ದರೆ ಹುಳುವಿನ ಆಯಸ್ಸು ಹೆಚ್ಚೇ? ಅಳೆಯುವುದು ಹೇಗೆ?

ಚಿಕ್ಕ ನ್ಯೂಕ್ಲಿಯೋಲಸ್ (ಕೋಶಕೇಂದ್ರದೊಳಗಿನ ದುಂಡನೆಯ ಭಾಗ) ಇರುವ ಹುಳುಗಳು ಹೆಚ್ಚು ದಿನ ಬದುಕುತ್ತವೆ ಎಂದು ಓದಿದ್ದೀರಿ, ಅದು ನಿಜವೇ ಎಂದು ಕೇಳಿದ್ದೀರಿ. ಪ್ರಯೋಗಾಲಯಗಳಲ್ಲಿ ಬೆಳೆಸುವ ಪುಟ್ಟ ದುಂಡುಹುಳು ಸಿ. ಎಲಿಗನ್ಸ್ ಮಟ್ಟಿಗೆ ನಿಜ. ಹೆಚ್ಚು ದಿನ ಬದುಕುವ ಅದರ ಮೂರು ತಳಿಗಳನ್ನು ನೋಡಿ: ಇನ್ಸುಲಿನ್ ಗ್ರಾಹಕ ಕುಂದಿದ ಡ್ಯಾಫ್-2, ಗಂಟಲು ನಿಧಾನವಾಗಿ ಬಡಿದು ಸದಾ ಅರೆಹೊಟ್ಟೆಯಲ್ಲಿರುವ ಈಟ್-2, ಜನನಕೋಶಗಳು ಬೆಳೆಯದ ಜಿಎಲ್‌ಪಿ-1. ಮೂರರದ್ದೂ ಬೇರೆ ಬೇರೆ ದಾರಿ, ಆದರೂ ಮೂರರಲ್ಲೂ ನ್ಯೂಕ್ಲಿಯೋಲಸ್ ಚಿಕ್ಕದು.

ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ತಯಾರಾಗುವುದು ನ್ಯೂಕ್ಲಿಯೋಲಸ್‌ನಲ್ಲೇ. ಜೀವಕೋಶಕ್ಕೆ ಅದು ಭಾರೀ ಖರ್ಚಿನ ಬಾಬತ್ತು. ತಯಾರಿ ತಗ್ಗಿದರೆ ಜಾಗವೂ ಕುಗ್ಗುತ್ತದೆ. ಇದು ಬರೀ ಗುರುತಲ್ಲ ಎನ್ನಲು ಆಧಾರವಿದೆ: ಅಲ್ಲಿನ ಫೈಬ್ರಿಲರಿನ್ ಪ್ರೋಟೀನನ್ನು ಆರ್‌ಎನ್‌ಎಐ (ಆಯ್ದ ಜೀನಿನ ಕೆಲಸವನ್ನು ಅಡಗಿಸುವ ವಿಧಾನ) ಮೂಲಕ ತಗ್ಗಿಸಿದಾಗ ಆಯಸ್ಸು ಹೆಚ್ಚಿದ್ದನ್ನು 2017ರಲ್ಲಿ ತೋರಿಸಲಾಯಿತು. ಎನ್‌ಸಿಎಲ್-1 ಜೀನ್ ಕೆಟ್ಟರೆ ನ್ಯೂಕ್ಲಿಯೋಲಸ್ ಊದಿಕೊಳ್ಳುತ್ತದೆ, ಈಟ್-2ಗೆ ಸಿಕ್ಕಿದ್ದ ಹೆಚ್ಚುವರಿ ದಿನಗಳೂ ಕೈತಪ್ಪುತ್ತವೆ.

ಅಳೆಯುವಾಗ ಎಡವುವುದು ವಯಸ್ಸಿನ ವಿಷಯದಲ್ಲಿ. ಎಲ್ಲ ಹುಳುಗಳೂ ಪ್ರೌಢಾವಸ್ಥೆಯ ಮೊದಲ ದಿನದವೇ ಆಗಿರಲಿ, 20 ಡಿಗ್ರಿಯಲ್ಲೇ ಬೆಳೆದಿರಲಿ. (ಜಿಎಲ್‌ಪಿ-1ನ ತಾಪಸೂಕ್ಷ್ಮ ತಳಿಯನ್ನು 25ರಲ್ಲಿ ಬೆಳೆಸಬೇಕಾಗುತ್ತದೆ, ಆಗ ಹೋಲಿಕೆಯ ಸಾಮಾನ್ಯ ಹುಳುಗಳನ್ನೂ 25ರಲ್ಲೇ ಬೆಳೆಸಿ.) 2% ಅಗರೋಸ್ ಜೆಲ್ಲಿಯ ಹಾಸಿನ ಮೇಲೆ ಹುಳುವನ್ನಿಟ್ಟು, ಅದನ್ನು ನಿಶ್ಚಲಗೊಳಿಸುವ ಲೆವಮಿಸೋಲ್ ಹನಿಸಿ, ಅಲುಗಾಟ ನಿಂತ ಮೇಲೆ 100x ಎಣ್ಣೆ ಮಸೂರದ ಡಿಐಸಿಯಲ್ಲಿ (ಬಣ್ಣ ಹಾಕದೆಯೇ ಅಂಚುಗಳನ್ನು ಎದ್ದು ತೋರಿಸುವ ಸೂಕ್ಷ್ಮದರ್ಶಕ ವಿಧಾನ) ಚರ್ಮದಡಿಯ ಕೋಶಗಳನ್ನು ನೋಡಿ. ಕೋಶಕೇಂದ್ರ ನುಣ್ಣನೆಯ ತಟ್ಟೆ. ನಡುವೆ ಅಂಗಿಯ ಗುಂಡಿಯಂತೆ ಎದ್ದು ಕಾಣುವುದೇ ನ್ಯೂಕ್ಲಿಯೋಲಸ್. ಅದರ ಅಂಚು ಅತಿ ಚೂಪಾಗಿ ಕಾಣುವ ಫೋಕಸ್‌ನಲ್ಲಿ ಚಿತ್ರ ತೆಗೆದು ವಿಸ್ತೀರ್ಣ ಅಳೆಯಿರಿ. ಒಂದು ಹುಳುವಿನಲ್ಲಿ ಕರುಳಿನ ಕೋಶ, ಇನ್ನೊಂದರಲ್ಲಿ ಚರ್ಮದ ಕೋಶ ಅಳೆದರೆ ಲೆಕ್ಕವೇ ಹಾಳು, ಏಕೆಂದರೆ ಗಾತ್ರ ಕೋಶದಿಂದ ಕೋಶಕ್ಕೆ ಬೇರೆ. ಕವರ್‌ಸ್ಲಿಪ್ ಒತ್ತಿದರೆ ಅಥವಾ ಹಾಸು ಒಣಗಿದರೆ ಆಕಾರವೇ ಕೆಡುತ್ತದೆ, ಆದ್ದರಿಂದ ಸ್ಲೈಡಿಗೆ ನಾಲ್ಕೈದು ಹುಳು ಸಾಕು. ಯಾರು ಯಾವ ತಳಿ ಎಂಬುದು ಅಳೆಯುವವರಿಗೆ ಗೊತ್ತಿರಬಾರದು.

ಆಯಸ್ಸಿನ ಎಣಿಕೆಗೆ ಗುಂಪಿಗೆ ನೂರರ ಆಸುಪಾಸು ಹುಳು ಇಟ್ಟುಕೊಳ್ಳಿ. ಸಾಮಾನ್ಯ ಹುಳು 20 ಡಿಗ್ರಿಯಲ್ಲಿ ಎರಡು-ಮೂರು ವಾರ ಬದುಕುತ್ತದೆ. ಮರಿಗಳನ್ನು ತಡೆಯಲು ಎಫ್‌ಯುಡಿಆರ್ ಎಂಬ ರಾಸಾಯನಿಕ ಹಾಕುವುದು ಸುಲಭ, ಆದರೆ ಈ ಪ್ರಯೋಗಕ್ಕೆ ನಾನು ಬೇಡವೆನ್ನುತ್ತೇನೆ: ಕೆಲವು ತಳಿಗಳ ಆಯಸ್ಸನ್ನೇ ಅದು ಬದಲಿಸುತ್ತದೆ. ಮೊಟ್ಟೆಯಿಡುವ ದಿನಗಳಲ್ಲಿ ಹುಳುಗಳನ್ನು ಹೊಸ ತಟ್ಟೆಗೆ ದಿನವೂ ಸಾಗಿಸುವುದು ಬೇಸರದ ಕೆಲಸ, ಆದರೂ ಅದೇ ವಾಸಿ. ಪ್ಲಾಟಿನಂ ತಂತಿಯಿಂದ ಮೆಲ್ಲಗೆ ಮುಟ್ಟಿದಾಗ ತಲೆಯೂ ಅಲುಗದಿದ್ದರೆ ಸತ್ತಿದೆ ಎಂದು ಬರೆಯಿರಿ. ಗೋಡೆ ಹತ್ತಿ ಒಣಗಿದ್ದು, ಒಳಗೇ ಮರಿಯೊಡೆದು ಸತ್ತಿದ್ದು, ಹೊಟ್ಟೆಯೊಡೆದಿದ್ದು ಮುಪ್ಪಿನ ಸಾವಲ್ಲ; ಅವನ್ನು ಆ ದಿನಾಂಕಕ್ಕೆ ಸೆನ್ಸರ್ (ಅಲ್ಲಿಯವರೆಗೆ ಬದುಕಿತ್ತು, ಮುಂದಿನದು ತಿಳಿಯದು) ಎಂದು ದಾಖಲಿಸಿ, ಪಟ್ಟಿಯಿಂದ ಅಳಿಸಬೇಡಿ.