ಪ್ರತಿಕ್ರಿಯೆ: ಮನೇಲಿ ನನ್ನನ್ನು ಯಾರೂ ಗಮನಿಸಲ್ಲ, ಅಮ್ಮನಿಗೆ ಹೇಗೆ ಹೇಳಲಿ?

ಅಕ್ಕನ ಮದುವೆ ಗಡಿಬಿಡಿಯಲ್ಲಿ ನಿಮ್ಮ ಪಿಯುಸಿ ಮಾರ್ಕ್ಸ್ ಮನೇಲಿ ಯಾರೂ ಕೇಳಲೇ ಇಲ್ಲ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಪ್ರೀತಿ ಕಮ್ಮಿ ಅಂತಲ್ಲ, ನೀವು ಯಾವತ್ತೂ ತೊಂದರೆ ಕೊಡದವರು ಅಂತ ಅನ್ನಿಸುತ್ತದೆ. ಅಕ್ಕನ ಮದುವೆ, ತಮ್ಮನ ಜ್ವರ, ಅಜ್ಜಿಯ ಮಾತ್ರೆ, ಇದರ ನಡುವೆ 'ಅವಳದ್ದು ಅವಳೇ ನೋಡ್ಕೋತಾಳೆ' ಅಂತ ಬಿಟ್ಟಿರುತ್ತಾರೆ. ನಾನೂ ದಾವಣಗೆರೆಯಲ್ಲಿ ಹಾಗೇ ಬೆಳೆದವಳು.

ಮೊದಲು ಮದುವೆಗೆ ಬಂದ ನೆಂಟರು ಹೊರಡಲಿ. ಆಮೇಲೆ ಬೆಳಿಗ್ಗೆ ಅಮ್ಮನೊಬ್ಬರನ್ನೇ ಕುಂದವಾಡ ಕೆರೆ ಹತ್ರ ವಾಕಿಂಗ್‌ಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಮಾತು ಶುರು ಮಾಡಿದರೆ ನಡುವೆ ಯಾರಾದರೂ ಚಹಾ ಕೇಳೇ ಕೇಳುತ್ತಾರೆ, ಅಲ್ವಾ?

ಒಂದೇ ವಿಷಯ ಹೇಳಿ. 'ನನ್ನ ಮಾರ್ಕ್ಸ್ ನೀನು ಕೇಳಲೇ ಇಲ್ಲಮ್ಮ, ಬೇಜಾರಾಯ್ತು.' ಅಷ್ಟು ಸಾಕು. ಅಕ್ಕನ ಹೆಸರು ಎತ್ತಬೇಡಿ, ಹಳೇ ಲೆಕ್ಕ ತೆಗೆಯಬೇಡಿ. ನಾನು ಆ ತಪ್ಪು ಮಾಡಿದೆ. ಅವ್ವ ಅಳೋಕೆ ಶುರು ಮಾಡಿದಳು, ನಾನೇ ಸಮಾಧಾನ ಮಾಡಬೇಕಾಯಿತು. ನನ್ನ ಮಾತು ಅಲ್ಲೇ ಉಳಿಯಿತು.

ಕೊನೆಗೆ ನಿಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿ: ವಾರಕ್ಕೊಂದು ಸಂಜೆ ನಿಮ್ಮಿಬ್ಬರದ್ದೇ. ಬೆಣ್ಣೆದೋಸೆ ತಿಂದು ಬರುವಷ್ಟು ಹೊತ್ತಾದರೂ ಸರಿ.

ಅಪ್ಪನ ವಿಷಯ ಹೇಳಲಾರೆ, ನಮ್ಮಪ್ಪ ಬದಲಾಗಲಿಲ್ಲ. ಅಮ್ಮ 'ಹೌದಾ?' ಅಂತ ಸುಮ್ಮನಾದರೆ 15 ದಿನ ಬಿಟ್ಟು ಮತ್ತೆ ಕೇಳಿ.